ತೇಪೆಗೊಂದು ತಾರೀಖು

ರಾತ್ರಿ ಅಂಗಳದಲ್ಲಿ ನಿಲ್ಲಿಸಿದ ಜೀಪನ್ನೋ ಟಿಲ್ಲರನ್ನೋ ಬೆಳಿಗ್ಗೆ ಹೊರಗೆ ತೆಗೆದಾಗ, ಅದು ನಿಂತಿದ್ದ ಜಾಗದಲ್ಲಿ ಅಂಗೈಯಗಲದ ಕಪ್ಪು ಕಲೆ ಕಾಣುವುದುಂಟು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಕಡೆಯ ಬೇಸಾಯದ ಮನೆಗಳಿಗೆ ಇದು ಹೊಸ ನೋಟವೇನಲ್ಲ. ಮನೆಯವರು ಒಂದಿಷ್ಟು ಬೂದಿಯೋ ಮರಳೋ ಚೆಲ್ಲಿ ಗುಡಿಸುತ್ತಾರೆ. ಯಾರಾದರೊಬ್ಬರು ಬಗ್ಗಿ ನೋಡಿ ‘ಚೇಂಬರ್ ಸೋರ್ತಾ ಇದೆ’ ಎನ್ನುತ್ತಾರೆ. ಇಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ಪಾತ್ರೆಯೇ ಈ ಚೇಂಬರ್. ಪುಸ್ತಕ ಓದಿದವರು ಅದನ್ನು ಆಯಿಲ್ ಪ್ಯಾನ್ ಅನ್ನುತ್ತಾರೆ, ಸಂಪ್ ಅನ್ನುತ್ತಾರೆ. ಅಲ್ಲಿಂದ ಎಣ್ಣೆ ಮೇಲೇರಿ, ತಿರುಗುವ ಪ್ರತಿಯೊಂದು ಭಾಗವನ್ನೂ ತೋಯಿಸಿ, ಮತ್ತೆ ಅಲ್ಲಿಗೇ ಇಳಿಯುತ್ತದೆ. ಎಣ್ಣೆ ತಳ ಕಂಡರೆ ಬೇರಿಂಗುಗಳು ಒಣಗುತ್ತವೆ, ಕಾದು ಹಿಡಿದುಕೊಳ್ಳುತ್ತವೆ, ಇಂಜಿನ್ ನಿಂತುಹೋಗುತ್ತದೆ. ಹಾಗಾಗಿ ಬೆಳಗಿನ ಆ ಕಲೆಯನ್ನು ಅನುಭವಸ್ಥರು ಲಘುವಾಗಿ ಕಾಣುವುದಿಲ್ಲ.

ನೆಲದ ಮೇಲೆ ಸೋರಿದ ಎಣ್ಣೆ ಕಲೆಯಾಗಿ ಅಲ್ಲಿಯೇ ಉಳಿಯುತ್ತದೆ. ದೋಣಿಯ ಇಂಜಿನ್ ಸೋರಿದರೆ ಎಣ್ಣೆ ಮೊದಲು ದೋಣಿಯ ಒಡಲಲ್ಲಿ ನಿಂತ ನೀರಿಗೆ ಬೀಳುತ್ತದೆ. ಆ ನೀರನ್ನು ಹೊರಗೆ ಚೆಲ್ಲಿದಾಗ ಹೊಳೆಗೆ ಇಳಿಯುತ್ತದೆ, ಇಳಿದ ಮೇಲೆ ಹರಡುತ್ತಲೇ ಹೋಗುತ್ತದೆ. ಎಷ್ಟು ದೂರ ಹರಡೀತು ಎಂಬುದನ್ನು ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಕ್ಲಾಪಂ ಎಂಬಲ್ಲಿನ ಒಂದು ಕೊಳದಲ್ಲಿ ಪರೀಕ್ಷಿಸಿ ನೋಡಿದ್ದ. ಗಾಳಿಗೆ ಅಲೆಯೆದ್ದಿದ್ದ ಕೊಳಕ್ಕೆ ಒಂದು ಚಮಚದಷ್ಟು ಎಣ್ಣೆ ಸುರಿದಾಗ ಸುಮಾರು ಅರ್ಧ ಎಕರೆಯಷ್ಟು ನೀರು ಕನ್ನಡಿಯಂತೆ ನಯವಾಯಿತೆಂಬ ಅವನ ವರದಿ 1774ರಲ್ಲಿ ಪ್ರಕಟವಾಯಿತು. ನಮ್ಮ ಲೆಕ್ಕದಲ್ಲಿ ಅದು ಇಪ್ಪತ್ತು ಗುಂಟೆ. ದೋಣಿಗಳಿಗೆ ಇಂಜಿನ್ ಬರುವುದಕ್ಕೂ ಹಿಂದಿನ ಮಾತು ಅದು. ಅವನು ಕುತೂಹಲಕ್ಕೆ ಮಾಡಿದ ಪ್ರಯೋಗ. ಚಮಚದ ಎಣ್ಣೆಗೆ ಇಪ್ಪತ್ತು ಗುಂಟೆಯಾದರೆ, ಒಂದು ಹಳೆಯ ಇಂಜಿನ್ ವಾರವಿಡೀ ತೊಟ್ಟಿಕ್ಕಿದರೆ ಏನಾದೀತೆಂದು ಊಹಿಸುವುದು ಕಷ್ಟವಲ್ಲ.

ಹೆಗ್ಗಡದೇವನಕೋಟೆಯ ಕಡೆಯವರಿಗೆ ಈ ಮಾತು ಇನ್ನಷ್ಟು ಹತ್ತಿರದ್ದು. ಬೀಚನಹಳ್ಳಿಯ ಬಳಿ ಕಬಿನಿಗೆ ಕಟ್ಟಿದ ಅಣೆಕಟ್ಟು 1974ರಲ್ಲಿ ಪೂರ್ಣಗೊಂಡಿತು. ಅದರ ಹಿನ್ನೀರು ಒಂದು ಕಡೆ ನಾಗರಹೊಳೆಯ ಕಾಡನ್ನೂ ಇನ್ನೊಂದು ಕಡೆ ಬಂಡೀಪುರದ ಕಾಡನ್ನೂ ಮುಟ್ಟಿಕೊಂಡು ನಿಂತಿದೆ. ಬೇಸಗೆಯಲ್ಲಿ ನೀರು ಇಳಿದು ದಂಡೆಯಲ್ಲಿ ಹಸಿರು ಹುಲ್ಲು ಚಿಗುರಿದಾಗ ಆನೆಗಳು ಹಿಂಡುಹಿಂಡಾಗಿ ಬರುವುದು ಇಲ್ಲಿಗೇ. ದನ ನೀರು ಕುಡಿಯುವುದು, ಬಟ್ಟೆ ಒಗೆಯುವುದು, ಮೀನು ಹಿಡಿಯುವುದು, ಪ್ರವಾಸಿಗರ ದೋಣಿ ತೇಲುವುದು ಎಲ್ಲವೂ ಅದೇ ನೀರಿನಲ್ಲಿ. ವಯನಾಡಿನಲ್ಲಿ ಹುಟ್ಟಿ ಬಂದ ಆ ಹೊಳೆ ಕೆಳಗೆ ನಂಜನಗೂಡಿನಲ್ಲಿ ಕಪಿಲೆಯಾಗಿ ಶ್ರೀಕಂಠೇಶ್ವರನ ಭಕ್ತರಿಗೆ ಸ್ನಾನದ ತೀರ್ಥವಾಗುತ್ತದೆ, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಮೇಲಿನ ದಂಡೆಯಲ್ಲಿ ಸಡಿಲವಾದ ಒಂದು ನಟ್ಟಿಗೂ ಕೆಳಗಿನ ಊರಿನ ಬಿಂದಿಗೆಗೂ ನಂಟು ಇದೆ.

ಹಿನ್ನೀರಿನ ದೋಣಿಗಳಿಗೆ ಬಹುಪಾಲು ಹಿಂಬದಿಯ ಹಲಗೆಗೆ ಬಿಗಿದ ಇಂಜಿನ್. ಅದು ಕೆಟ್ಟರೆ ಕಳಚಿ ದಡಕ್ಕೆ ಹೊತ್ತು ತರಬಹುದು. ಒಡಲೊಳಗೇ ಕೂರಿಸಿದ ದೊಡ್ಡ ಡೀಸೆಲ್ ಇಂಜಿನ್ನನ್ನು ನೋಡಬೇಕಾದರೆ ಘಟ್ಟ ಇಳಿದು ಮಲ್ಪೆಗೋ ಮಂಗಳೂರಿಗೋ ಹೋಗಬೇಕು. ಅಲ್ಲಿ ಇಂಜಿನ್ ಕೂರುವುದು ದೋಣಿಯ ಅಡಿಯಲ್ಲಿ, ಚೇಂಬರಿಗೂ ದೋಣಿಯ ತಳಕ್ಕೂ ಒಂದು ಗೇಣು ಅಂತರ ಇದ್ದರೆ ಹೆಚ್ಚು. ಆ ಸಂದಿಯಲ್ಲಿ ಉಪ್ಪುನೀರು ನಿಲ್ಲುತ್ತದೆ, ಗಾಳಿ ಆಡುವುದಿಲ್ಲ. ಚೇಂಬರಿನ ತಗಡಿಗೆ ಒಳಗಿನಿಂದ ಎಣ್ಣೆಯ ರಕ್ಷೆ ಇರುತ್ತದೆ. ತುಕ್ಕು ಹಿಡಿಯುವುದು ಹೊರಗಿನಿಂದ, ಅದೂ ಯಾರ ಕಣ್ಣೂ ಹೋಗದ ಕೆಳಮೈಯಲ್ಲಿ. ವರ್ಷಗಟ್ಟಲೆ ತಿಂದು ತಿಂದು ಒಂದು ದಿನ ಸೂಜಿಮೊನೆಯಷ್ಟು ತೂತು ಬೀಳುತ್ತದೆ. ರಸ್ತೆಯ ಮೇಲಿನ ಜೀಪಾದರೆ ಗುಂಡಿಯ ಮೇಲೆ ನಿಲ್ಲಿಸಿ ಕೆಳಗಿನಿಂದ ಬೋಲ್ಟು ಬಿಚ್ಚಬಹುದು. ದೋಣಿಗೆ ಕೆಳಗೆ ಹೋಗುವ ದಾರಿಯೇ ಇಲ್ಲ. ಚೇಂಬರ್ ಬಿಚ್ಚಬೇಕೆಂದರೆ ಇಂಜಿನ್ನನ್ನೇ ಸರಪಳಿ ಹಾಕಿ ಎತ್ತಬೇಕು. ದುಡಿಮೆಯ ನಡುವೆ ಅಷ್ಟು ಖರ್ಚು, ಅಷ್ಟು ದಿನ ಯಾರ ಬಳಿ ಇದೆ? ಹಾಗಾಗಿಯೇ ತೇಪೆ.

ಒಳ್ಳೆಯ ತೇಪೆ ಹಾಕುವವನ ಕೈಕೆಲಸವನ್ನು ನಿಂತು ನೋಡಬೇಕು. ಅವನು ಮೊದಲು ಮಾಡುವುದು ತೂತು ಹುಡುಕುವ ಕೆಲಸವಲ್ಲ, ಒರೆಸುವ ಕೆಲಸ. ಎಣ್ಣೆ ಯಾವಾಗಲೂ ಕೆಳಗಿಳಿದು ತಳದಲ್ಲಿ ತೊಟ್ಟಿಕ್ಕುತ್ತದೆ. ಮೇಲಿನ ಮುಚ್ಚಳದ ಪ್ಯಾಕಿಂಗ್ ಹೋಗಿದ್ದರೂ ದೂರು ಬರುವುದು ಚೇಂಬರಿನ ಮೇಲೆಯೇ. ಆದ್ದರಿಂದ ಇಡೀ ಮೈಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಒಣಗಿದ ಮೇಲೆ ಮುಖಕ್ಕೆ ಹಚ್ಚುವ ಪೌಡರನ್ನು ತೆಳುವಾಗಿ ಉದುರಿಸಿ, ಸ್ವಲ್ಪ ಹೊತ್ತು ಇಂಜಿನ್ ಓಡಿಸುತ್ತಾನೆ. ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಎಲ್ಲಿಂದ ಹೊರಟಿತೋ ಅಲ್ಲಿದೆ ರೋಗದ ಮೂಲ. ಎಷ್ಟೋ ಸಲ ಅದು ತೂತೇ ಆಗಿರುವುದಿಲ್ಲ. ಎಣ್ಣೆ ಬಿಡುವ ನಟ್ಟಿನ ತಾಮ್ರದ ವಾಷರ್ ಸವೆದಿರುತ್ತದೆ. ಹತ್ತಾರು ರೂಪಾಯಿಯ ವಾಷರಿಗೆ ತೀರುವ ಕೆಲಸಕ್ಕೆ ಇಂಜಿನ್ ಎತ್ತಿಸಿದವರಿದ್ದಾರೆ.

ತೂತೇ ಆಗಿದ್ದರೆ ಮುಂದಿನ ಕೆಲಸಕ್ಕೆ ತಾಳ್ಮೆ ಬೇಕು. ಡಿಪ್‌ಸ್ಟಿಕ್ ಇಳಿಯುವ ಕೊಳವೆಯಲ್ಲಿ ಸಣ್ಣ ನಳಿಗೆ ಬಿಟ್ಟು ಕೈಪಂಪಿನಿಂದ ಎಣ್ಣೆಯನ್ನೆಲ್ಲ ಮೇಲಕ್ಕೆ ಹೀರಿ ಕ್ಯಾನಿಗೆ ತುಂಬುತ್ತಾರೆ. ತೂತಿನ ಸುತ್ತಲಿನ ತುಕ್ಕನ್ನೂ ಬಣ್ಣವನ್ನೂ ಉಪ್ಪುಕಾಗದದಿಂದ ಉಜ್ಜಿ ಹೊಳೆಯುವ ಲೋಹ ಕಾಣುವಂತೆ ಮಾಡುತ್ತಾರೆ. ಥಿನ್ನರ್ ಅದ್ದಿದ ಬಟ್ಟೆಯಿಂದ ಒರೆಸುತ್ತಾರೆ, ಬಟ್ಟೆ ಬದಲಿಸಿ ಮತ್ತೆ ಒರೆಸುತ್ತಾರೆ. ಎಂ-ಸೀಲಿನಂಥ ಅಂಟಿನಲ್ಲಿ ಎರಡು ಬಗೆಯ ಉಂಡೆಗಳಿರುತ್ತವೆ. ಎರಡನ್ನೂ ಒಂದೇ ಬಣ್ಣಕ್ಕೆ ಬರುವವರೆಗೆ ನಾದಬೇಕು, ಅರೆಬರೆ ನಾದಿದರೆ ನಡುವೆ ಮೆತ್ತಗೆ ಉಳಿಯುತ್ತದೆ. ಆ ಅಂಟಿಗೆ ಎಣ್ಣೆಯೇ ವೈರಿ. ನಾವು ಮುಚ್ಚಬೇಕಾದ ತೂತಿನಿಂದ ಜಿನುಗುವುದೂ ಎಣ್ಣೆಯೇ. ಈ ತೊಡಕಿಗೆ ಬಲ್ಲವರು ಒಂದು ಉಪಾಯ ಕಂಡುಕೊಂಡಿದ್ದಾರೆ. ಎಣ್ಣೆ ತುಂಬುವ ಬಾಯನ್ನೂ ಉಸಿರುಕೊಳವೆಯನ್ನೂ ಮುಚ್ಚಿ, ಇಂಜಿನ್ನಿನ ಒಳಗಿನ ಗಾಳಿಯನ್ನು ಸ್ವಲ್ಪ ಹೊರಗೆ ಎಳೆದರೆ, ಹೊರಗಿನ ಗಾಳಿ ಒಳಕ್ಕೆ ಒತ್ತಿ ಉಳಿದ ಹನಿಗಳನ್ನು ತಡೆಹಿಡಿಯುತ್ತದೆ. ಅಷ್ಟರಲ್ಲಿ ಅಂಟು ಗಟ್ಟಿಯಾಗುತ್ತದೆ. ಅದರ ಮೇಲೆ ಫೈಬರಿನ ಬಟ್ಟೆಯ ತುಂಡೊಂದನ್ನು ಇಟ್ಟು ಇನ್ನೊಂದು ಪದರ ಹಚ್ಚಿ, ರಾತ್ರಿಯಿಡೀ ಮುಟ್ಟದೆ ಬಿಡುತ್ತಾರೆ. ವೆಲ್ಡಿಂಗ್ ಮಾಡಿಬಿಡೋಣ ಎಂದು ಯಾರಾದರೂ ಅವಸರ ಮಾಡಿದರೆ ಅನುಭವಿ ಮೇಸ್ತ್ರಿ ತಡೆಯುತ್ತಾನೆ. ಎಣ್ಣೆಯ ಆವಿ ತುಂಬಿದ ದೋಣಿಯ ಒಡಲಲ್ಲಿ ಕಿಡಿ ಹಾರಿಸುವುದು ಪ್ರಾಣದ ಜೊತೆ ಆಟ.

ಇಂಥ ತೇಪೆ ನಿಲ್ಲುವುದಕ್ಕೆ ಒಂದು ಕಾರಣವಿದೆ. ಚೇಂಬರಿನಲ್ಲಿ ಎಣ್ಣೆ ಸುಮ್ಮನೆ ತನ್ನ ಭಾರಕ್ಕೆ ನಿಂತಿರುತ್ತದೆ. ಒತ್ತಡ ಹುಟ್ಟುವುದು ಪಂಪು ದಾಟಿದ ಮೇಲೆ. ಆದರೆ ಇಂಜಿನ್ ಓಡುವಾಗ ಎಣ್ಣೆ ಕಾಯುತ್ತದೆ, ಆರಿದಾಗ ತಣಿಯುತ್ತದೆ. ಕಾಯುವುದು ತಣಿಯುವುದು, ಜೊತೆಗೆ ಬಿಡದ ನಡುಕ. ಸಾಮಾನ್ಯ ಅಂಟು ಬಿಸಿಗೆ ಮೆತ್ತಗಾಗುತ್ತ ಬರುತ್ತದೆ, ತಗಡಿನ ಅಂಚಿನಿಂದ ಸಣ್ಣಗೆ ಏಳುತ್ತದೆ. ತೇಪೆಯ ಆಚೀಚೆಯ ತಗಡೂ ಅಷ್ಟೇ ತೆಳುವಾಗಿರುತ್ತದೆ ಎಂಬುದನ್ನೂ ನೆನಪಿಡಬೇಕು. ಒಂದು ತೂತು ಬಿದ್ದ ಕಡೆ ಇನ್ನೊಂದಕ್ಕೆ ಸಿದ್ಧತೆ ನಡೆದೇ ಇರುತ್ತದೆ.

ನಮ್ಮ ಸೀಮೆಯ ಜನಕ್ಕೆ ಈ ತೇಪೆ ಹಾಕುವ ವಿದ್ಯೆ ಹೊಸದಲ್ಲ. ಕಾವೇರಿ, ಕಪಿಲೆ, ಲಕ್ಷ್ಮಣತೀರ್ಥದ ದಡಗಳಲ್ಲಿ ಬಿದಿರು ಹೆಣೆದ ಹರಿಗೋಲಿಗೆ ಹಿಂದೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಕಲ್ಲು ತಾಗಿ ಹರಿದಲ್ಲಿ ಬಟ್ಟೆಯ ತುಂಡು ಇಟ್ಟು ಕಾಯಿಸಿದ ಡಾಂಬರು ಹಚ್ಚಿದರೆ ಅಂದಿನ ಓಡಾಟಕ್ಕೆ ಸಾಕು. ಡೀಸೆಲ್ ಟ್ಯಾಂಕು ಸೋರಿದರೆ ಲಾರಿ ಚಾಲಕರು ಬಟ್ಟೆ ಒಗೆಯುವ ಸೋಪನ್ನು ಒತ್ತಿ ತಿಕ್ಕುತ್ತಾರೆ, ಡೀಸೆಲ್ಲಿಗೆ ಸೋಪು ಕರಗುವುದಿಲ್ಲ. ರೇಡಿಯೇಟರ್ ಸೋರಿದರೆ ಅರಿಶಿನದ ಪುಡಿ ಹಾಕುತ್ತಾರೆ, ಪುಡಿ ನೀರಿನೊಡನೆ ಸುತ್ತಿ ಬಂದು ಬಿರುಕಿನಲ್ಲಿ ಕೂತುಕೊಳ್ಳುತ್ತದೆ. ಈ ಉಪಾಯಗಳನ್ನು ಕಂಡು ಹಿಡಿದವರು ಯಾವ ಕಾಲೇಜಿಗೂ ಹೋದವರಲ್ಲ. ನಡುರಾತ್ರಿ, ನಡುದಾರಿ, ಕೈಯಲ್ಲಿದ್ದುದರಲ್ಲೇ ಊರು ಸೇರಬೇಕಾದ ಜನರ ಜಾಣತನ ಅದು, ಮತ್ತು ನಾನು ಅದನ್ನು ತುಂಬ ಗೌರವಿಸುತ್ತೇನೆ. ಆದರೆ ಅದೇ ಅರಿಶಿನವನ್ನು ತೊಳೆಸದೆ ಬಿಟ್ಟರೆ ರೇಡಿಯೇಟರಿನ ಸಣ್ಣ ನಳಿಗೆಗಳು ಕಟ್ಟಿಕೊಂಡು ಇಂಜಿನ್ ಕಾಯತೊಡಗುತ್ತದೆ. ಊರು ಮುಟ್ಟಿಸಿದ ಮದ್ದೇ ಊರಿನಲ್ಲಿ ಕೂತು ರೋಗವಾಗುತ್ತದೆ.

ಇಲ್ಲೇ ನಾವು ಗೃಹಸ್ಥರು ಎಡವುವುದು. ಆಪತ್ತಿಗೆ ಆದವನೇ ನೆಂಟ ಎನ್ನುತ್ತೇವೆ. ತೇಪೆಯೂ ಅಂಥ ನೆಂಟನೇ. ಆಪತ್ತಿಗೆ ಬಂದ ನೆಂಟನನ್ನು ಉಪಚರಿಸಿ ಕಳಿಸಿಕೊಡುವ ಬದಲು, ಬಂದನಲ್ಲ ಎಂದು ವರ್ಷವಿಡೀ ಹೊಲದ ಕೆಲಸಕ್ಕೆ ಹಚ್ಚುವುದು ನ್ಯಾಯವಲ್ಲ. ಸೋರುವುದು ನಿಂತ ಕೂಡಲೇ ನಮಗೆ ಕಾಯಿಲೆಯೇ ಮರೆತುಹೋಗುತ್ತದೆ. ಸೈಕಲ್ ಟ್ಯೂಬು ಸುತ್ತಿದ ಪೈಪು, ಟೇಪು ಸುತ್ತಿದ ವೈರು, ಇಟ್ಟಿಗೆ ಒತ್ತು ಕೊಟ್ಟ ಬಾಗಿಲು, ಇವೆಲ್ಲ ನಮ್ಮ ನಿಮ್ಮ ಮನೆಗಳಲ್ಲಿ ಎಷ್ಟು ಹಳೆಯವೆಂದು ನೆನೆದುಕೊಳ್ಳಿ. ಹಾಕಿದವರಿಗಾದರೂ ಅದು ತೇಪೆಯೆಂದು ಗೊತ್ತು. ಆಮೇಲೆ ಬಳಸುವವರಿಗೆ? ದೋಣಿಯ ಚಾಲಕ ಬದಲಾಗುತ್ತಾನೆ, ಟಿಲ್ಲರನ್ನು ಪಕ್ಕದ ಊರಿನವರು ಬಾಡಿಗೆಗೆ ಒಯ್ಯುತ್ತಾರೆ, ಪಂಪುಮನೆಗೆ ಶಾಲೆ ಬಿಟ್ಟು ಬಂದ ಮಗ ಸ್ವಿಚ್ ಹಾಕಲು ಹೋಗುತ್ತಾನೆ. ಟೇಪಿನ ಅಡಿಯಲ್ಲಿ ಏನಿದೆಯೆಂದು ಅವನಿಗೆ ಯಾರೂ ಹೇಳಿರುವುದಿಲ್ಲ.

ಸಮುದ್ರದ ಇತಿಹಾಸದಲ್ಲಿ ಒಂದು ಪ್ರಸಿದ್ಧ ತೇಪೆಯ ಕಥೆ ಇದೆ. 1770ರ ಜೂನ್ 11ರ ರಾತ್ರಿ ನಾವಿಕ ಜೇಮ್ಸ್ ಕುಕ್‌ನ ಎಂಡೆವರ್ ಹಡಗು ಆಸ್ಟ್ರೇಲಿಯಾದ ಪೂರ್ವದ ಹವಳದ ದಿಬ್ಬಕ್ಕೆ ಬಡಿದು ತಳ ಒಡೆಯಿತು. ಫಿರಂಗಿಗಳನ್ನೂ ಭಾರದ ಸಾಮಾನುಗಳನ್ನೂ ಸಮುದ್ರಕ್ಕೆ ಎಸೆದು ಹಡಗನ್ನು ಹಗುರ ಮಾಡಿದರು. ಒಂದು ಹಾಯಿಬಟ್ಟೆಗೆ ನಾರು, ಉಣ್ಣೆ, ಪ್ರಾಣಿಗಳ ಸಗಣಿ ಮೆತ್ತಿ, ಹಗ್ಗ ಕಟ್ಟಿ ಹಡಗಿನ ಅಡಿಗೆ ಎಳೆದರು. ಒಳನುಗ್ಗುವ ನೀರೇ ಆ ಬಟ್ಟೆಯನ್ನು ತೂತಿಗೆ ಒತ್ತಿ ಹಿಡಿಯಿತು. ಸಗಣಿ ಸಾರಿಸಿದ ನೆಲ ಕಂಡವರಿಗೆ ಅದರ ಗುಣ ವಿವರಿಸಬೇಕಾಗಿಲ್ಲ. ಹಾಗೆಯೇ ತೇಲಿಸಿಕೊಂಡು ಒಂದು ನದಿಯ ಬಾಯಿಗೆ ಬಂದು, ಹಡಗನ್ನು ದಡಕ್ಕೆ ಒರಗಿಸಿ, ಸುಮಾರು ಏಳು ವಾರ ಅಲ್ಲಿದ್ದು ಹಲಗೆ ಕೂಡಿಸಿದರು. ಒಡೆದ ಜಾಗದಲ್ಲಿ ಹವಳದ ದೊಡ್ಡ ತುಂಡೊಂದು ಮುರಿದು ಸಿಕ್ಕಿಕೊಂಡಿತ್ತು. ಹಡಗನ್ನು ಒಡೆದ ಬಂಡೆಯೇ ತೂತನ್ನು ಬಹುಮಟ್ಟಿಗೆ ಮುಚ್ಚಿತ್ತು. ಇಷ್ಟಾದರೂ ಕುಕ್ ಅದನ್ನು ಪೂರ್ಣ ರಿಪೇರಿ ಎಂದುಕೊಳ್ಳಲಿಲ್ಲ. ಇಂದಿನ ಜಕಾರ್ತಾ ಆಗಿರುವ ಬಟಾವಿಯಾ ತಲುಪಿ ಹಡಗುಕಟ್ಟೆಯಲ್ಲಿ ಮತ್ತೆ ತಳ ತೋರಿಸಿದ. ಕೆಲವು ಹಲಗೆಗಳು ಕಾಗದದಷ್ಟಲ್ಲದಿದ್ದರೂ ಬೆರಳಿನ ದಪ್ಪವೂ ಉಳಿಯದಷ್ಟು ಸವೆದಿದ್ದವು. ಅಲ್ಲಿ ನೋಡಿಸದೆ ಮುಂದೆ ಹೊರಟಿದ್ದರೆ ಹಿಂದೂ ಮಹಾಸಾಗರ ದಾಟುವ ಹಡಗಾಗಿರಲಿಲ್ಲ ಅದು. ಹಾಯಿಬಟ್ಟೆ ಮೆಚ್ಚುವಂಥದ್ದೇ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬಟಾವಿಯಾದಲ್ಲಿ ಮತ್ತೊಮ್ಮೆ ತಳ ತೋರಿಸಿದ ಆ ಎಚ್ಚರ.

ಕರಾವಳಿಯ ಮೀನುಗಾರರಿಗೆ ಅಂಥ ಎಚ್ಚರವನ್ನು ಪಂಚಾಂಗವೇ ಕಲಿಸಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲವೆಂದು ಮಾಡಿದ ನಿಯಮ ಅದು. ಆ ಎರಡು ತಿಂಗಳು ಬಲೆ ಹೆಣೆಯುವುದು, ಹಲಗೆ ಬದಲಿಸುವುದು, ಬಣ್ಣ ಬಳಿಯುವುದು, ಇಂಜಿನ್ ಬಿಚ್ಚುವುದು ನಡೆಯುತ್ತದೆ. ಫೆಬ್ರುವರಿಯಲ್ಲಿ ಚೇಂಬರಿಗೆ ತೇಪೆ ಹಾಕಿದ ತಾಂಡೇಲನಿಗೆ, ಅಂದರೆ ದೋಣಿ ನಡೆಸುವ ಮುಖ್ಯಸ್ಥನಿಗೆ, ಜೂನ್ ಬಂದೇ ಬರುತ್ತದೆಂಬ ಭರವಸೆ ಇರುತ್ತದೆ. ಸಾಲ ಮಾಡಿದಾಗಲೇ ತೀರಿಸುವ ದಿನ ಗೊತ್ತಿದ್ದರೆ ಸಾಲ ಅಷ್ಟಾಗಿ ಕಾಡುವುದಿಲ್ಲ.

ಘಟ್ಟದ ಮೇಲಿನ ನಮಗೆ ಹಾಗೆ ನಿಲ್ಲಿಸಿ ಕೂರಿಸುವ ನಿಯಮ ಇಲ್ಲ. ಹೊಗೆಸೊಪ್ಪಿನ ಕೆಲಸ ಮುಗಿಯಿತು ಎನ್ನುವಷ್ಟರಲ್ಲಿ ಭತ್ತ, ಭತ್ತ ಮುಗಿಯಿತು ಎನ್ನುವಷ್ಟರಲ್ಲಿ ರಾಗಿ. ಟಿಲ್ಲರಿಗೂ ಪಂಪಿಗೂ ಪುರುಸೊತ್ತಿಲ್ಲ. ಹಿನ್ನೀರಿನ ದೋಣಿಗೆ ಶನಿವಾರ ಭಾನುವಾರ ಬಂದರೆ ಜನ ಸಾಲುಗಟ್ಟುತ್ತಾರೆ. ಹಾಗಾಗಿ ದಿನವನ್ನು ನಾವೇ ಗೊತ್ತು ಮಾಡಿಕೊಳ್ಳಬೇಕು. ಒಳ್ಳೆಯ ಮೇಸ್ತ್ರಿಗಳು ತೇಪೆ ಒಣಗಿದ ಮೇಲೆ ಪಕ್ಕದಲ್ಲೇ ಬಣ್ಣದಿಂದ ತಾರೀಖು ಬರೆಯುತ್ತಾರೆ. ಎಣ್ಣೆಯನ್ನು ಹೊರಡುವ ಮುನ್ನ ಒಮ್ಮೆ, ದಡ ಸೇರಿದ ಮೇಲೆ ಒಮ್ಮೆ ಡಿಪ್‌ಸ್ಟಿಕ್ ಎಳೆದು ನೋಡಬೇಕೆಂದು ಚಾಲಕನಿಗೆ ಹೇಳಿಕೊಡುತ್ತಾರೆ. ಚೇಂಬರಿನ ಕೆಳಗೆ ತಟ್ಟೆಯೊಂದನ್ನು ಇಟ್ಟು ಹಳೆಯ ಬಟ್ಟೆ ಹಾಸಿ, ದೋಣಿಯ ನೀರನ್ನು ಹೊಳೆಗೆ ಚೆಲ್ಲುವ ಮುನ್ನ ಆ ಬಟ್ಟೆಯಿಂದ ಎಣ್ಣೆ ಹೀರಿ ತೆಗೆಯಲು ಹೇಳುತ್ತಾರೆ. ಇದಕ್ಕೆಲ್ಲ ಖರ್ಚು ಬಹಳವಿಲ್ಲ. ‘ಇದು ತೇಪೆ, ಇಂಥ ದಿನ ಹಾಕಿದ್ದು, ಇಷ್ಟರೊಳಗೆ ಬದಲಿಸಬೇಕು’ ಎಂಬ ಒಂದು ಮಾತು ಮುಂದಿನವರ ಕಿವಿಗೆ ಬಿದ್ದರೆ ಅರ್ಧ ಅಪಾಯ ಅಲ್ಲೇ ಕಳೆಯುತ್ತದೆ. ತೇಪೆ ಹಾಕಿದ್ದನ್ನು ಮುಚ್ಚಿಟ್ಟು ಗಾಡಿ ಮಾರುವವರೂ ಇದ್ದಾರೆ. ಕೊಂಡವನು ನಡುದಾರಿಯಲ್ಲಿ ನಿಂತರೆ ಆ ಪಾಪಕ್ಕೆ ಹೆಸರಿಲ್ಲದಿರಬಹುದು, ಅದು ಪಾಪವೇ.

ಕರಾವಳಿಯ ಆ ಎರಡು ತಿಂಗಳೊಳಗೇ ನಮ್ಮ ಆಷಾಢವೂ ಬಹುಪಾಲು ಬರುತ್ತದೆ. ಆಗ ಮದುವೆ ಮುಂಜಿಯ ಓಡಾಟ ಇರುವುದಿಲ್ಲ, ಮಳೆ ಹಿಡಿದಿದ್ದರೆ ಹೊಳೆದಂಡೆಯ ಪಂಪು ಕೂಡ ಸುಮ್ಮನಿರುತ್ತದೆ. ಅಂಟು, ಸೋಪು, ತಂತಿ, ಟೇಪುಗಳಲ್ಲಿ ನಿಂತಿರುವ ನಿಮ್ಮ ಯಂತ್ರವೊಂದನ್ನು ಈ ಸಲ ಆ ದಿನಗಳಲ್ಲಿ ಹುಣಸೂರಿಗೋ ಹೆಗ್ಗಡದೇವನಕೋಟೆಗೋ ಒಯ್ದು ಬಿಚ್ಚಿಸಿ, ತಗಡು ಬದಲಿಸಿ, ಹೊಸ ಪ್ಯಾಕಿಂಗ್ ಹಾಕಿಸಿ. ಇಳಿಸಿದ ಹಳೆಯ ಎಣ್ಣೆಯನ್ನು ಕ್ಯಾನಿನಲ್ಲಿ ತುಂಬಿ ಮುಚ್ಚಳ ಬಿಗಿದು, ಹಳೆ ಎಣ್ಣೆ ಕೊಳ್ಳುವವರಿಗೇ ಕೊಡಿ. ಚರಂಡಿಗೆ ಸುರಿಯಬೇಡಿ, ಚರಂಡಿ ಹೋಗಿ ಸೇರುವುದು ಹೊಳೆಗೇ.